ರಾತ್ರಿ ಮೂರು ಗಂಟೆಗೆ 57 ಡಿಗ್ರಿ ಫ್ಯಾರನ್‌ಹೀಟ್: ನ್ಯೂಯಾರ್ಕ್‌ನ ಬಾಡಿಗೆ ಮನೆಯಲ್ಲಿ ನನ್ನ ಅನುಭವ

ನಮ್ಮ ಮಗು ಹುಟ್ಟಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಬಾಣಂತನಕ್ಕೆ ಅಂತ ಅಮ್ಮ ಸಕಲೇಶಪುರದಿಂದ ಬಂದಿದ್ದರು. ನಾವಿದ್ದದ್ದು ಕ್ವೀನ್ಸ್‌ನ ಎಲ್ಮ್‌ಹರ್ಸ್ಟ್‌ನಲ್ಲಿ, ಆರು ಅಂತಸ್ತಿನ ಹಳೇ ಇಟ್ಟಿಗೆ ಕಟ್ಟಡದ ಮೇಲಿನ ಮಹಡಿಯಲ್ಲಿ. ಮಲೆನಾಡಿನ ಮಳೆಗಾಲದಲ್ಲಿ ಬೆಳೆದ ಅಮ್ಮನಿಗೆ ಚಳಿ ಹೊಸದಲ್ಲ. ಆದರೆ ಅಕ್ಟೋಬರ್ ಮುಗಿಯುವ ಹೊತ್ತಿಗೆ ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕೋಕೆ ಅವರೇ ಹೆದರತೊಡಗಿದರು. "ಬಟ್ಟೆ ಬಿಚ್ಚಿದ ಕೂಡಲೇ ಮಗು ತುಟಿ ನಡುಗ್ತದೆ ಕಣೇ, ಅಲ್ಲಿ ಅಗ್ಗಿಷ್ಟಿಕೆಯಾದ್ರೂ ಇರ್ತಿತ್ತು" ಅಂದರು. ಬಾಣಂತಿಗೆ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಮೇಲೊಂದು ಸ್ವೆಟರ್, ಎಲ್ಲ ಆಗಿತ್ತು. ಮನೆ ಮಾತ್ರ ಬೆಚ್ಚಗಾಗುತ್ತಿರಲಿಲ್ಲ.

ಊರಲ್ಲಿರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನ್ಯೂಯಾರ್ಕ್‌ನ ಇಂಥ ಹಳೇ ಕಟ್ಟಡಗಳಲ್ಲಿ ಹೀಟಿಂಗ್ ನಮ್ಮ ಕೈಯಲ್ಲಿರುವುದಿಲ್ಲ. ನೆಲಮಾಳಿಗೆಯಲ್ಲಿ ಒಂದು ಬಾಯ್ಲರ್ ಇರುತ್ತದೆ. ಅದರ ಹಬೆ ಪೈಪಿನಲ್ಲಿ ಎಲ್ಲರ ಮನೆಗೂ ಹತ್ತಿ ಬಂದು ಕಿಟಕಿ ಕೆಳಗಿನ ರೇಡಿಯೇಟರ್ ಬಿಸಿ ಮಾಡುತ್ತದೆ. ಅದರ ಖರ್ಚು ಬಾಡಿಗೆಯಲ್ಲೇ ಸೇರಿರುತ್ತದೆ. ಹಾಗಾಗಿ ಬಾಯ್ಲರ್ ಆರಿಸಿದಷ್ಟೂ ಓನರ್‌ಗೆ ಅದನ್ನು ಉರಿಸುವ ಎಣ್ಣೆ ಉಳಿತಾಯ. ಜಗಳ ಹುಟ್ಟುವುದೇ ಅಲ್ಲಿಂದ.

ಮೊದಲ ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಬೆಂಗಳೂರಿನಲ್ಲಿ ಬಾಡಿಗೆಗೆ ಇದ್ದವರಿಗೆ ಒಂದು ಅಭ್ಯಾಸ ಇರುತ್ತದೆ ಅಲ್ವಾ, ಹತ್ತು ತಿಂಗಳ ಅಡ್ವಾನ್ಸ್ ಅವರ ಕೈಯಲ್ಲಿದೆ, ಓನರ್ ಜೊತೆ ನಿಷ್ಠುರ ಬೇಡ, ನಯವಾಗಿ ಹೇಳೋಣ ಅಂತ. ಅದೇ ಅಭ್ಯಾಸದಲ್ಲಿ ನಾನು ಓನರ್ ಆಫೀಸಿಗೆ ಐದಾರು ಸಲ ಫೋನ್ ಮಾಡಿ "ತುಂಬಾ ಚಳಿ ಇದೆ, ಮಗು ಇದೆ, ದಯವಿಟ್ಟು ನೋಡಿ" ಅಂದೆ. ಪ್ರತಿ ಸಲ ಬಂದ ಉತ್ತರ ಒಂದೇ: ಬಾಯ್ಲರ್ ಓಡ್ತಾ ಇದೆ. ಒಂದು ಸಲವಂತೂ "ಬಿಸಿ ದೇಶದಿಂದ ಬಂದವರಿಗೆ ಎಷ್ಟಿದ್ದರೂ ಚಳೀನೇ" ಅಂದುಬಿಟ್ಟರು. ಆ ಮಾತು ನನಗೆ ಇವತ್ತಿಗೂ ಮರೆತಿಲ್ಲ. ಆದರೆ ಅದರಿಂದ ಒಂದು ವಿಷಯ ಹೊಳೆಯಿತು. ನಾನು ಚಳಿ ಅಂತ ಹೇಳುವವರೆಗೂ ಅದು ನನ್ನ ಮೈಯ ಸಮಸ್ಯೆ, ಯಾರು ಬೇಕಾದರೂ ಅಲ್ಲಗಳೆಯಬಹುದು. ಎಷ್ಟು ಡಿಗ್ರಿ ಅಂತ ಹೇಳಿದರೆ ಅಲ್ಲಗಳೆಯಲು ಅವರೂ ಒಂದು ಥರ್ಮಾಮೀಟರ್ ತರಬೇಕು.

ಆ ರಾತ್ರಿ ಕೂತು ನಗರದ ನಿಯಮ ಓದಿದೆ. ಅಕ್ಟೋಬರ್ 1ರಿಂದ ಮೇ 31ರವರೆಗೆ ಹೀಟ್ ಸೀಸನ್. ಬೆಳಗ್ಗೆ 6ರಿಂದ ರಾತ್ರಿ 10ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಇದ್ದರೆ ಒಳಗೆ ಕನಿಷ್ಠ 68 ಇರಬೇಕು, ಅಂದರೆ ನಮ್ಮ ಲೆಕ್ಕದಲ್ಲಿ 20 ಸೆಲ್ಸಿಯಸ್. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಎಷ್ಟೇ ಇರಲಿ, ಒಳಗೆ ಕನಿಷ್ಠ 62, ಅಂದರೆ ಸುಮಾರು 16.7 ಸೆಲ್ಸಿಯಸ್. ಬಿಸಿನೀರು ಮಾತ್ರ ವರ್ಷವಿಡೀ, ದಿನದ 24 ಗಂಟೆಯೂ, ಕನಿಷ್ಠ 120 ಡಿಗ್ರಿ ಬರಬೇಕು.

ಇದನ್ನು ಓದಿದ ಮೇಲೆ ನನ್ನ ಮೊದಲ ದೂರು ಯಾಕೆ ಬಿದ್ದುಹೋಯಿತು ಅಂತಲೂ ಅರ್ಥವಾಯಿತು. ಅಕ್ಟೋಬರ್‌ನಲ್ಲಿ ಒಂದು ಮಧ್ಯಾಹ್ನ ಮನೆ ತಣ್ಣಗಿದೆ ಅಂತ 311ಕ್ಕೆ, ಅಂದರೆ ನಗರಾಡಳಿತಕ್ಕೆ ದೂರು ಕೊಡುವ ನಂಬರ್‌ಗೆ, ಫೋನ್ ಮಾಡಿದ್ದೆ. ಆವತ್ತು ಹೊರಗೆ 58 ಇತ್ತು. ಹಗಲಿನ ನಿಯಮ ಆವತ್ತು ಅನ್ವಯವೇ ಆಗುತ್ತಿರಲಿಲ್ಲ. ಹಾಗಾಗಿ ಒಳಗಿನ ಲೆಕ್ಕ ಒಂದೇ ಸಾಲದು, ಅದೇ ಹೊತ್ತಿನ ಹೊರಗಿನ ಲೆಕ್ಕವನ್ನೂ ಬರೆಯಬೇಕು.

ಕಟ್ಟಡ ನೋಡಿಕೊಳ್ಳುವವರನ್ನು ಇಲ್ಲಿ ಸೂಪರ್ ಅಂತಾರೆ. ನಮ್ಮ ಸೂಪರ್ ಒಳ್ಳೆಯ ಮನುಷ್ಯರೇ. ಆದರೆ ರಾತ್ರಿ 55 ಇದ್ದರೆ ಸಾಕು, ಅದೂ ಹೊರಗೆ 40ಕ್ಕಿಂತ ಕಡಿಮೆ ಆದಾಗ ಮಾತ್ರ ಅಂತ ವಾದ ಮಾಡುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ, ಹಳೇ ನಿಯಮ. 2017ರ ಅಕ್ಟೋಬರ್‌ನಿಂದ ಅದು 62 ಆಗಿದೆ. ಹೊಸ ನಿಯಮದ ಹಾಳೆ ಪ್ರಿಂಟ್ ತೆಗೆದು ಅವರ ಕೈಗೇ ಕೊಟ್ಟೆ. ಆಮೇಲೆ ಅವರು ಮೆಲ್ಲಗೆ ಒಂದು ವಿಷಯ ಬಾಯಿಬಿಟ್ಟರು: ರಾತ್ರಿ 11ಕ್ಕೆ ಬಾಯ್ಲರ್ ನಿಲ್ಲಿಸಿ ಬೆಳಗ್ಗೆ 5ಕ್ಕೆ ಹಚ್ಚು ಅಂತ ಆಫೀಸಿನವರು ಅವರಿಗೆ ಹೇಳಿದ್ದರಂತೆ.

ಇನ್ನು ಅಳೆಯುವ ವಿಷಯ. ಹತ್ತು ಹದಿನೈದು ಡಾಲರ್‌ನ ಎರಡು ಡಿಜಿಟಲ್ ಥರ್ಮಾಮೀಟರ್ ತಂದೆ. ಎರಡು ಯಾಕೆಂದರೆ ಒಂದೇ ಇದ್ದರೆ ಅದು ಸರಿ ಇಲ್ಲ ಅಂತ ಹೇಳಿಬಿಡಬಹುದು. ರೇಡಿಯೇಟರ್ ಹತ್ತಿರ ಇಡಬಾರದು, ಕಿಟಕಿ ಹತ್ತಿರವೂ ಇಡಬಾರದು, ಹೊರಗೋಡೆಗೆ ತಾಗಿಸಬಾರದು. ಕೋಣೆ ಮಧ್ಯೆ ಒಂದು ಸ್ಟೂಲ್ ಇಟ್ಟು ಅದರ ಮೇಲಿಟ್ಟೆ. ನೋಟ್‌ಬುಕ್ಕಿನಲ್ಲಿ ತಾರೀಕು, ಗಂಟೆ, ಒಳಗೆಷ್ಟು, ಹೊರಗೆಷ್ಟು, ರೇಡಿಯೇಟರ್ ಮುಟ್ಟಿದರೆ ಬಿಸಿಯೋ ತಣ್ಣಗೋ, ಇಷ್ಟೇ ಬರೆಯುತ್ತಿದ್ದೆ. ಜೊತೆಗೆ ಫೋನಿನಲ್ಲಿ ಒಂದು ಫೋಟೋ. ಮಗುವಿಗೆ ಹಾಲು ಕೊಡಲು ರಾತ್ರಿ ಒಂದಕ್ಕೆ, ಮೂರಕ್ಕೆ, ಐದಕ್ಕೆ ಹೇಗಿದ್ದರೂ ಎದ್ದಿರುತ್ತಿದ್ದೆನಲ್ಲ, ಹಾಗಾಗಿ ರಾತ್ರಿಯ ಲೆಕ್ಕ ಒಂದು ದಿನವೂ ತಪ್ಪಲಿಲ್ಲ. ನವೆಂಬರ್ ಪೂರ್ತಿ ರಾತ್ರಿ ಮೂರರ ಸಾಲಿನಲ್ಲಿ 57, 58, 59. ಆಫೀಸಿಗೆ ಫೋನ್ ಮಾಡುವುದನ್ನು ನಿಲ್ಲಿಸಿ ಈಮೇಲ್ ಮಾತ್ರ ಕಳಿಸತೊಡಗಿದೆ. ಪ್ರತಿ ಸೋಮವಾರ ವಾರದ ಲೆಕ್ಕ, ಕೆಳಗೆ ಒಂದೇ ಸಾಲು: ಇದು 62ಕ್ಕಿಂತ ಕಡಿಮೆ, ಸರಿಪಡಿಸಿ.

ಅವರು ಸರಿಪಡಿಸಲಿಲ್ಲ. ಬದಲಿಗೆ ಒಂದು ಎಲೆಕ್ಟ್ರಿಕ್ ಹೀಟರ್ ಕಳಿಸಿದರು. ಇದರ ಬಗ್ಗೆ ನನಗೆ ತುಂಬಾ ಸಿಟ್ಟಿದೆ. ಹಳೇ ವೈರಿಂಗ್, ಹೀಟರ್ ಹಾಕಿದರೆ ಕರೆಂಟ್ ಟ್ರಿಪ್ ಆಗುತ್ತಿತ್ತು. 2022ರ ಜನವರಿ 9ರಂದು ಬ್ರಾಂಕ್ಸ್‌ನ ಟ್ವಿನ್ ಪಾರ್ಕ್ಸ್ ಕಟ್ಟಡದಲ್ಲಿ ಒಂದು ಮನೆಯ ಇಂಥದ್ದೇ ಎಲೆಕ್ಟ್ರಿಕ್ ಹೀಟರ್‌ನಿಂದ ಬೆಂಕಿ ಹತ್ತಿ, ಹೊಗೆ ಮೆಟ್ಟಿಲಿಗೆಲ್ಲ ಹಬ್ಬಿ 17 ಜನ ಸತ್ತರು, ಅದರಲ್ಲಿ 8 ಮಕ್ಕಳು. ನಮ್ಮ ಮನೆಗೆ ಹೀಟರ್ ಬರುವ ಹೊತ್ತಿಗೆ ಅದಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಇನ್ನೊಂದು ಬೆಳಗ್ಗೆ ಎದ್ದು ನೋಡಿದರೆ ಅಮ್ಮ ಗ್ಯಾಸ್ ಓವನ್ ಹಚ್ಚಿ ಬಾಗಿಲು ತೆಗೆದಿಟ್ಟು ಅದರ ಮುಂದೆ ಮಗುವನ್ನು ಹಿಡಿದು ಕೂತಿದ್ದರು. ಓಡಿ ಹೋಗಿ ಆರಿಸಿದೆ. ಕಿಟಕಿಯೆಲ್ಲ ಮುಚ್ಚಿದ ಮನೆಯಲ್ಲಿ ಓವನ್ನಿನಿಂದ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿ ತುಂಬಬಹುದು, ಅದಕ್ಕೆ ವಾಸನೆಯೂ ಇರಲ್ಲ, ಗೊತ್ತೂ ಆಗಲ್ಲ. ಪಾಪ, ಅಮ್ಮನಿಗೆ ಒಲೆ ಮುಂದೆ ಕೂರುವುದು ಹುಟ್ಟಿನಿಂದ ಬಂದ ರೂಢಿ. ದಯವಿಟ್ಟು ಊರಿಂದ ಬಂದ ಹಿರಿಯರಿಗೆ ಇದನ್ನು ಮೊದಲ ದಿನವೇ ಹೇಳಿಬಿಡಿ.

ಡಿಸೆಂಬರ್‌ನಲ್ಲಿ ಪಕ್ಕದ ಮನೆಗಳ ಬಾಗಿಲು ತಟ್ಟಿದೆ. ಇದನ್ನು ಮೊದಲೇ ಮಾಡಬೇಕಿತ್ತು. ಕೆಳಗಿನ ಮನೆಯ ಬಾಂಗ್ಲಾದೇಶದ ಟ್ಯಾಕ್ಸಿ ಡ್ರೈವರ್, ಎದುರು ಮನೆಯ ಕೊಲಂಬಿಯಾದ ಅಜ್ಜಿ, ಮೂರನೇ ಮಹಡಿಯ ಟಿಬೆಟಿನ ನರ್ಸ್, ಎಲ್ಲರೂ ತಮ್ಮ ಮನೆಯೊಂದೇ ಹೀಗೆ ಅಂದುಕೊಂಡು ಸುಮ್ನೆ ಕೋಟ್ ಹಾಕಿಕೊಂಡು ಮಲಗುತ್ತಿದ್ದರು. ಇಂಗ್ಲಿಷ್, ಸ್ಪ್ಯಾನಿಷ್, ಬಂಗಾಳಿ ಮೂರರಲ್ಲೂ ಚೀಟಿ ಬರೆದು ಲಾಬಿಯಲ್ಲಿ ಅಂಟಿಸಿ, ಅಲ್ಲೇ ಒಂದು ಭಾನುವಾರ ಸಭೆ ಸೇರಿದೆವು. ಬಾಡಿಗೆದಾರರು ಹೀಗೆ ಸೇರುವುದಕ್ಕೆ ಇಲ್ಲಿನ ಕಾನೂನಿನಲ್ಲೇ ರಕ್ಷಣೆ ಇದೆ. ಏಳು ಮನೆಗಳು ಲೆಕ್ಕ ಬರೆಯಲು ಶುರು ಮಾಡಿದವು.

ಏಳು ನೋಟ್‌ಬುಕ್ ಅಕ್ಕಪಕ್ಕ ಇಟ್ಟಾಗ ಒಂದು ಸ್ವಾರಸ್ಯ ಕಂಡಿತು. ರಾತ್ರಿ ಎಲ್ಲರ ಮನೆಯೂ ತಣ್ಣಗೆ, ಅದು ಬಾಯ್ಲರ್ ನಿಲ್ಲಿಸಿದ್ದಕ್ಕೆ. ಆದರೆ ಹಗಲಲ್ಲಿ, ಒಂದರ ಮೇಲೊಂದಿರುವ ನಮ್ಮ ಸಾಲಿನ ಮೇಲಿನ ಮೂರು ಮನೆ ಮಾತ್ರ 64, ಉಳಿದವರು 70. ಇದಕ್ಕೆ ಕಾರಣ ಬೇರೆ. ನಮ್ಮದು ಒಂದೇ ಪೈಪಿನ ಹಬೆ ವ್ಯವಸ್ಥೆ. ರೇಡಿಯೇಟರ್ ಪಕ್ಕದಲ್ಲಿ ಬೆಳ್ಳಿ ಬಣ್ಣದ ಪುಟ್ಟ ವೆಂಟ್ ಇರುತ್ತದೆ. ಹಬೆ ಬರುವಾಗ ಒಳಗಿನ ಗಾಳಿ ಅದರಿಂದ ಹೊರಗೆ ಹೋಗಬೇಕು. ವರ್ಷಗಟ್ಟಲೆ ಪೇಂಟ್ ಬಳಿದು ಅದು ಮುಚ್ಚಿಹೋದರೆ ಗಾಳಿ ಹೋಗಲ್ಲ, ಹಬೆ ಬರಲ್ಲ. ಇನ್ನೊಂದು ವಿಷಯ, ಇಂಥ ರೇಡಿಯೇಟರ್‌ನ ಕೆಳಗಿನ ವಾಲ್ವ್ ಪೂರ್ತಿ ತೆರೆದಿರಬೇಕು ಇಲ್ಲಾ ಪೂರ್ತಿ ಮುಚ್ಚಿರಬೇಕು. ಅರ್ಧ ತಿರುಗಿಸಿದರೆ ನೀರು ಒಳಗೇ ನಿಂತು ರಾತ್ರಿಯೆಲ್ಲ ಟಣ್ ಟಣ್ ಅಂತ ಹೊಡೆದುಕೊಳ್ಳುತ್ತದೆ. ಅಜ್ಜಿಯ ಮನೆಯ ಅರ್ಧ ಸಮಸ್ಯೆ ಅದೇ ಆಗಿತ್ತು.

ಆಮೇಲೆ ಎಲ್ಲರೂ ಒಂದೇ ರಾತ್ರಿ, ಲೆಕ್ಕ ಕಣ್ಣ ಮುಂದಿರುವಾಗಲೇ, ಬೇರೆ ಬೇರೆಯಾಗಿ 311ಕ್ಕೆ ದೂರು ಕೊಟ್ಟೆವು. ಇಂಗ್ಲಿಷ್ ಬರದವರಿಗೆ ಅಲ್ಲಿ ದುಭಾಷಿ ಸಿಗುತ್ತಾರೆ. ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ದೂರು ನಗರದ ವಸತಿ ಇಲಾಖೆ ಎಚ್‌ಪಿಡಿಗೆ ಹೋಗುತ್ತದೆ. ಅವರು ಮೊದಲು ಓನರ್ ಕಡೆಯವರಿಗೆ ತಿಳಿಸುತ್ತಾರೆ, ಆಮೇಲೆ ಹೀಟ್ ಬಂತಾ ಅಂತ ನಮ್ಮನ್ನು ಕೇಳಬಹುದು. ಇಲ್ಲಿ ಎಚ್ಚರ ಬೇಕು. ದೂರು ಹೋದ ಒಂದು ಗಂಟೆಗೆ ರೇಡಿಯೇಟರ್ ಬಿಸಿಯಾಯಿತು, ಟ್ಯಾಕ್ಸಿಯವರು ಖುಷಿಯಿಂದ "ಬಂತು" ಅಂದರು, ಅವರ ದೂರು ಮುಚ್ಚಿಹೋಯಿತು. ಮರುದಿನ ರಾತ್ರಿ ಮತ್ತೆ ತಣ್ಣಗೆ. ಮತ್ತೆ ನಿಂತರೆ ಮತ್ತೆ ಹೊಸ ದೂರು ಕೊಡಬೇಕು, ಬೇಸರ ಮಾಡಿಕೊಳ್ಳಬಾರದು. ಮೂರನೇ ಸಲ, ಜನವರಿ ಮಧ್ಯದಲ್ಲಿ, ಇನ್‌ಸ್ಪೆಕ್ಟರ್ ರಾತ್ರಿಯೇ ಬಂದರು. ತಮ್ಮ ಥರ್ಮಾಮೀಟರ್‌ನಿಂದ ಅಳೆದರು. ನಮ್ಮ ಮನೆಗೆ, ಅಜ್ಜಿಯ ಮನೆಗೆ ಸಿ ದರ್ಜೆಯ ಉಲ್ಲಂಘನೆ ಬರೆದರು. ತಕ್ಷಣದ ಅಪಾಯ ಅನ್ನುವ ದರ್ಜೆ ಅದು. ಟಿಬೆಟಿನ ನರ್ಸ್ ಡ್ಯೂಟಿಗೆ ಹೋಗಿದ್ದರಿಂದ ಬಾಗಿಲು ತೆರೆಯುವವರಿಲ್ಲದೆ ಅವರ ಮನೆ ಬಿಟ್ಟುಹೋಯಿತು.

ನಾಲ್ಕು ದಿನ ಮನೆ ಚೆನ್ನಾಗಿತ್ತು. ಆಮೇಲೆ ಮತ್ತೆ ಅದೇ ಕತೆ. ಫೆಬ್ರವರಿ 4ರ ಬೆಳಗ್ಗೆ ಸೆಂಟ್ರಲ್ ಪಾರ್ಕ್‌ನಲ್ಲಿ 3 ಡಿಗ್ರಿಗೆ ಇಳಿಯಿತು, ಮೈನಸ್ 16 ಸೆಲ್ಸಿಯಸ್. ಹಿಂದಿನ ರಾತ್ರಿಯೇ ನಮ್ಮ ಮನೆಯೊಳಗೆ 54. ಐದು ತಿಂಗಳ ಕೂಸನ್ನು ಕಂಬಳಿಯಲ್ಲಿ ಸುತ್ತಿ, ಮಧ್ಯರಾತ್ರಿ ಪಕ್ಕದ ನ್ಯೂಜೆರ್ಸಿಯ ಎಡಿಸನ್ ಊರಿನ ಕನ್ನಡದ ಸ್ನೇಹಿತರ ಮನೆಗೆ ಹೋದೆವು. ದಾರಿಯುದ್ದಕ್ಕೂ ಅಮ್ಮ ಮಾತೇ ಆಡಲಿಲ್ಲ.

ಸೋಮವಾರ ಕ್ವೀನ್ಸ್‌ನ ಜಮೈಕಾ ಅನ್ನುವ ಬಡಾವಣೆಯಲ್ಲಿರುವ ಹೌಸಿಂಗ್ ಕೋರ್ಟ್‌ಗೆ ಹೋಗಿ ಎಚ್‌ಪಿ ಆ್ಯಕ್ಷನ್ ಹಾಕಿದೆ. ರಿಪೇರಿ ಮಾಡಿಸಲು ಬಾಡಿಗೆದಾರರೇ ಹಾಕುವ ಕೇಸ್ ಅದು. ಫೀಸು 45 ಡಾಲರ್, ಕಟ್ಟಲಾಗದವರು ಮಾಫಿ ಕೇಳಬಹುದು, ವಕೀಲರು ಬೇಕೇ ಬೇಕು ಅಂತಿಲ್ಲ. ಓನರ್‌ಗೂ ಎಚ್‌ಪಿಡಿಗೂ ನಾವೇ ನೋಟಿಸ್ ತಲುಪಿಸಬೇಕು, ಹೇಗೆ ಅಂತ ಕಾಗದದಲ್ಲೇ ಬರೆದಿರುತ್ತಾರೆ. ಕೋರ್ಟ್ ಅಂದರೆ ನನಗೆ ಕೈಕಾಲು ನಡುಗುತ್ತಿತ್ತು. ಆದರೆ ಮೂರು ತಿಂಗಳ ಲೆಕ್ಕ, ಫೋಟೋ, ಈಮೇಲ್, ಉಲ್ಲಂಘನೆಯ ಪ್ರತಿ ಎಲ್ಲ ಒಂದೇ ಫೈಲಿನಲ್ಲಿತ್ತು. ಎದುರಿನ ವಕೀಲರು ಹತ್ತು ನಿಮಿಷ ಅದನ್ನು ತಿರುವಿ ಹಾಕಿ, ಜಗಳಕ್ಕೆ ಹೋಗದೆ ಒಪ್ಪಂದಕ್ಕೆ ಬಂದರು. ಆ ಚಳಿಗಾಲದಲ್ಲಿದ್ದ ದಂಡದ ಲೆಕ್ಕ ಮೊದಲ ಉಲ್ಲಂಘನೆಗೆ ದಿನಕ್ಕೆ 250ರಿಂದ 500 ಡಾಲರ್, ಮತ್ತೆ ಆದರೆ 500ರಿಂದ 1000. ಆರಿಸಿ ಉಳಿಸಿದ ಎಣ್ಣೆಗಿಂತ ಅದು ಜಾಸ್ತಿ ಅಂತ ಅವರಿಗೂ ಗೊತ್ತಾಗಿತ್ತು. ರಾತ್ರಿ ಬಾಯ್ಲರ್ ನಿಲ್ಲಿಸಬಾರದು, ನಮ್ಮ ಸಾಲಿನ ಎಲ್ಲ ವೆಂಟ್ ಬದಲಿಸಬೇಕು ಅಂತ ನ್ಯಾಯಾಧೀಶರ ಮುಂದೆ ಆದೇಶವಾಯಿತು. ಮಾರ್ಚ್ ಮೊದಲ ವಾರ ಹೊಸ ವೆಂಟ್ ಹಾಕಿದರು. ಪುಟ್ಟ ಸಾಮಾನು, ಒಂದೊಂದಕ್ಕೆ ಐದು ನಿಮಿಷದ ಕೆಲಸ. ಅದಕ್ಕಾಗಿ ಮೂರು ಮನೆ ಒಂದು ಚಳಿಗಾಲ ಪೂರ್ತಿ ನಡುಗಿತ್ತು.

ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದಿರಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ. ಹಾಗೆ ಮಾಡುವವರಿದ್ದಾರೆ, ಆದರೆ ಆಗ ಓನರ್ ಬಾಡಿಗೆ ಬಾಕಿಯ ಕೇಸ್ ಹಾಕಬಹುದು, ನಾವು ಕೇಳುವ ಜಾಗದಿಂದ ಉತ್ತರ ಹೇಳುವ ಜಾಗಕ್ಕೆ ಬಂದುಬಿಡುತ್ತೇವೆ. ನಾನು ಪ್ರತಿ ತಿಂಗಳೂ ಪೂರ್ತಿ ಕಟ್ಟಿದೆ. ಎಚ್‌ಪಿ ಕೇಸ್‌ನಲ್ಲಿ ಸಿಗುವುದು ರಿಪೇರಿ, ದುಡ್ಡಲ್ಲ. ಹಾಗಾಗಿ ಆದೇಶ ಬಂದ ಮೇಲೆ ಬಾಡಿಗೆಯಲ್ಲಿ ಕಡಿತ ಕೊಡಿ, ಇಲ್ಲವಾದರೆ ಸಣ್ಣ ಮೊತ್ತದ ಕೇಸ್ ನಡೆಸುವ ಸ್ಮಾಲ್ ಕ್ಲೇಮ್ಸ್ ಕೋರ್ಟ್‌ಗೆ ಹೋಗುತ್ತೇನೆ ಅಂತ ಪತ್ರ ಬರೆದೆ. ಅಲ್ಲಿ 10,000 ಡಾಲರ್‌ವರೆಗೆ ಕೇಳಬಹುದು. ಅವರು ಒಂದು ತಿಂಗಳ ಬಾಡಿಗೆಯ ಮೂರನೇ ಒಂದು ಭಾಗ ಬಿಟ್ಟರು. ನನ್ನ ಲೆಕ್ಕದಲ್ಲಿ ಅದು ಕಡಿಮೆಯೇ. ಆದರೆ ಕೂಸು ಕಟ್ಟಿಕೊಂಡು ಇನ್ನೊಂದು ಕೋರ್ಟ್‌ಗೆ ಅಲೆಯುವ ತ್ರಾಣ ನನಗಿರಲಿಲ್ಲ.

ವೀಸಾದ ಭಯ ಅಂತೂ ನಮ್ಮವರಲ್ಲಿ ಎಲ್ಲರಿಗೂ ಇದೆ. ನನ್ನ ಗಂಡನೂ ಮೊದಲು "ಎಚ್-1ಬಿ ಮೇಲಿದ್ದೇವೆ, ಕೋರ್ಟು ಕಚೇರಿ ಯಾಕೆ" ಅಂದಿದ್ದರು. ಹೀಟ್ ಕೊಡಿ ಅಂತ ನಾವು ಹಾಕುವ ಸಿವಿಲ್ ಕೇಸ್‌ಗೂ ವೀಸಾಕ್ಕೂ ಸಂಬಂಧ ಇಲ್ಲ. ಇಮಿಗ್ರೇಷನ್‌ನವರಿಗೆ ಹೇಳುತ್ತೇನೆ ಅಂತ ಓನರ್ ಬೆದರಿಸಿದರೆ ಈ ನಗರದಲ್ಲಿ ಅದೇ ಕಾನೂನಿಗೆ ವಿರುದ್ಧ. ದೂರು ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಂಡು ಮನೆ ಬಿಡಿಸಲು ಬಂದರೆ, 2019ರ ತಿದ್ದುಪಡಿಯ ಪ್ರಕಾರ ದೂರಿನಿಂದ ಒಂದು ವರ್ಷದೊಳಗೆ ಹಾಗಾದಲ್ಲಿ ಅದು ಸೇಡೇ ಅಂತ ಕೋರ್ಟ್ ಮೊದಲು ಊಹಿಸುತ್ತದೆ, ಅಲ್ಲ ಅಂತ ತೋರಿಸಬೇಕಾದವರು ಓನರ್.

ಮಾರ್ಚ್ ಕೊನೆಗೆ ಅಮ್ಮ ಊರಿಗೆ ಹೊರಟರು. ಹೋಗುವ ಹಿಂದಿನ ದಿನ ಬಚ್ಚಲಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು, ಎಣ್ಣೆ ಹಚ್ಚಿ, ಅವಸರವಿಲ್ಲದೆ ಅರ್ಧ ಗಂಟೆ ನೀರು ಹಾಕಿದರು. ಸ್ಟೂಲಿನ ಮೇಲಿನ ಥರ್ಮಾಮೀಟರ್ ಆಗ 71 ತೋರಿಸುತ್ತಿತ್ತು. ಅದನ್ನೂ ಬರೆದಿಟ್ಟುಕೊಂಡೆ.