ಸ್ವಂತ ವೈನ್ ಜೊತೆ ರೆಸ್ಟೋರೆಂಟ್‌ಗೆ ಹೋಗುವಾಗ

ಮೊದಲು ಫೋನ್ ಮಾಡಿ ಕೇಳಿ: ಹೊರಗಿನ ಬಾಟಲಿ ಬಿಡುತ್ತಾರಾ, ಕಾರ್ಕೇಜ್ (ನಮ್ಮ ಬಾಟಲಿ ತೆರೆದು ಬಡಿಸಲು ಅವರು ಹಾಕುವ ಶುಲ್ಕ) ಎಷ್ಟು? ಈ ಶುಲ್ಕ ಸಾಮಾನ್ಯವಾಗಿ ಬಾಟಲಿ ಲೆಕ್ಕದಲ್ಲಿರುತ್ತದೆ. ಹಾಗಾಗಿ ಅಗ್ಗದ ವೈನ್ ಒಯ್ದರೆ ಸುಮ್ನೆ ದಂಡ. ಅವರ ಮೆನುವಿನಲ್ಲೇ ಇರುವ ವೈನ್ ಒಯ್ಯುವುದಂತೂ ಚೆನ್ನಾಗಿರಲ್ಲ, ಅಲ್ವಾ?

ಏನು ತಿನ್ನುತ್ತೀರಿ ಅಂತ ನೋಡಿಕೊಂಡೇ ಬಾಟಲಿ ಆರಿಸಿ. ಖಾರದ ಊಟಕ್ಕೆ ಟ್ಯಾನಿನ್ (ಬಾಯಿ ಒಗರು ಮಾಡುವ ಅಂಶ), ಆಲ್ಕೋಹಾಲ್ ಜಾಸ್ತಿ ಇರುವ ಕೆಂಪು ವೈನ್ ಬೇಡ, ಬಾಯಿ ಇನ್ನೂ ಉರಿಯುತ್ತದೆ. ಸ್ವಲ್ಪ ಸಿಹಿಯಾದ ರೀಸ್ಲಿಂಗ್ ಎಂಬ ಬಿಳಿ ವೈನ್ ನನ್ನ ಆಯ್ಕೆ. ಕೊಬ್ಬಿರುವ ಮಾಂಸಕ್ಕೆ ಕ್ಯಾಬರ್ನೆ ಸೊವಿನ್ಯೋನ್ ಎಂಬ ಕೆಂಪು ವೈನ್ ಸರಿ. ಕರಿದ ತಿಂಡಿಗೆ ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ವೈನ್, ಅದರ ಹುಳಿಗೆ ನಾಲಿಗೆಯ ಜಿಡ್ಡು ಹೋಗುತ್ತದೆ. ಡೆಸರ್ಟ್‌ಗೆ ಅದಕ್ಕಿಂತ ಸಿಹಿಯಾದ ವೈನೇ ಬೇಕು, ಇಲ್ಲದಿದ್ದರೆ ವೈನ್ ಹುಳಿ ಅನಿಸುತ್ತದೆ. ಬಿಳಿ ವೈನ್ ಆದರೆ ಮನೆಯಲ್ಲೇ 8–10 ಡಿಗ್ರಿಗೆ ತಂಪು ಮಾಡಿ ಒಯ್ಯಿರಿ.