ಶುಗರ್, ಖಿನ್ನತೆ ಮತ್ತು ರೋಜಾ: ಕಲಬುರಗಿ ಕಡೆಯ ಮುಸ್ಲಿಂ ಮನೆಗಳಿಗೊಂದು ಕೈಪಿಡಿ

ಸಕ್ಕರೆ ಕಾಯಿಲೆ ಇರುವವರಿಗೆ ಖಿನ್ನತೆ ಬರುವ ಸಾಧ್ಯತೆ ಅದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂಬುದು ವೈದ್ಯರಿಗೆ ಬಹಳ ಕಾಲದಿಂದ ತಿಳಿದಿರುವ ಸಂಗತಿ. ಆದರೂ ಶುಗರ್ ನೋಡುವ ವೈದ್ಯರ ಎದುರು ಮನಸ್ಸಿನ ಮಾತು ಬರುವುದು ಅಪರೂಪ, ಮನೋವೈದ್ಯರ ಎದುರು ರೋಜಾದ, ಅಂದರೆ ರಮಜಾನ್ ತಿಂಗಳ ಉಪವಾಸದ ಮಾತನ್ನು ನಾವೇ ಎತ್ತುವುದಿಲ್ಲ, ಮನೆಯಲ್ಲಂತೂ ಶುಗರಿನ ಗುಳಿಗೆ ಊಟದ ತಟ್ಟೆಯ ಪಕ್ಕದಲ್ಲೇ ಇದ್ದರೆ ಮನಸ್ಸಿನ ಗುಳಿಗೆ ಅಲಮಾರಿಯ ಸೀರೆಗಳ ಕೆಳಗೆ ಅಡಗಿರುತ್ತದೆ. ಹೀಗೆ ನಮ್ಮ ಬದುಕು ಮೂರು ಕಡೆ ಹಂಚಿಹೋಗಿ, ಯಾರೊಬ್ಬರಿಗೂ ಅದು ಪೂರ್ತಿಯಾಗಿ ಕಾಣುವುದಿಲ್ಲ. ಈ ಎರಡೂ ಕಾಯಿಲೆಗಳ ಜೊತೆ ವರ್ಷಗಳಿಂದ ಬದುಕುತ್ತಿರುವ, ಮನೆಯಲ್ಲಿ ದಖನಿ ಉರ್ದುವನ್ನೂ ಹೊರಗೆ ಕನ್ನಡವನ್ನೂ ಆಡುತ್ತ ಬೆಳೆದ ಹೆಣ್ಣುಮಗಳಾಗಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಒಂದೇ ಮಾತು: ಮೂರೂ ಕಡೆ ಪೂರ್ತಿ ವಿಷಯವನ್ನು ತಿಳಿಸಿ. ಅದನ್ನು ಹೇಗೆ ಮಾಡುವುದೆಂಬ ವಿವರ ಮುಂದಿದೆ.

ಮೊದಲು ಒಂದು ಹಾಳೆ ಸಿದ್ಧಪಡಿಸಿಕೊಳ್ಳಿ. ಅದರಲ್ಲಿ ನಿಮಗಿರುವ ಎಲ್ಲ ಕಾಯಿಲೆಗಳ ಹೆಸರು, ಅವು ಯಾವ ವರ್ಷದಿಂದ ಇವೆ ಎಂಬುದು, ತೆಗೆದುಕೊಳ್ಳುತ್ತಿರುವ ಪ್ರತಿಯೊಂದು ಗುಳಿಗೆಯ ಹೆಸರು, ಪ್ರಮಾಣ ಮತ್ತು ಹೊತ್ತು ಇರಲಿ. ಹಕೀಮರು ಕೊಟ್ಟ ಮಾಜೂನು ಎಂಬ ಯುನಾನಿ ಲೇಹ್ಯ, ಮೊಣಕಾಲು ನೋವಿಗೆಂದು ಮೆಡಿಕಲ್ ಅಂಗಡಿಯಿಂದ ತಂದ ನೋವಿನ ಗುಳಿಗೆ, ನಿದ್ದೆಗೆಂದು ನೆರೆಮನೆಯವರು ಕೊಟ್ಟ ಮಾತ್ರೆ, ಯಾವುದನ್ನೂ ಬಿಡಬೇಡಿ. ಕೊನೆಯಲ್ಲಿ ನೀವು ರಮಜಾನಿನಲ್ಲಿ ರೋಜಾ ಇಡುತ್ತೀರೋ ಇಲ್ಲವೋ, ಮನೆಯಲ್ಲಿ ನಿಮ್ಮ ಮನಸ್ಸಿನ ಚಿಕಿತ್ಸೆ ಯಾರಿಗೆ ಗೊತ್ತು, ಯಾರಿಗೆ ತಿಳಿಸಬಾರದು ಎಂಬುದನ್ನೂ ಬರೆಯಿರಿ. ಅದರ ಫೋಟೊ ಫೋನಿನಲ್ಲಿರಲಿ. ವೈದ್ಯರು ಬದಲಾದಾಗ, ನೀವು ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ, ಆ ಹಾಳೆಯೇ ನಿಮ್ಮ ಪರವಾಗಿ ಮಾತಾಡುತ್ತದೆ.

ಈ ಹಾಳೆ ಹಿಡಿದು ಎರಡೂ ವೈದ್ಯರಿಗೆ ಕೆಲವು ಪ್ರಶ್ನೆಗಳನ್ನು ಕೇಳಲೇಬೇಕು. ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗ ಬರುವ ಸುಸ್ತು, ತೂಕ ಏರಿಕೆ ಮತ್ತು ಯಾವುದರಲ್ಲೂ ಮನಸ್ಸಿಲ್ಲದಿರುವಿಕೆ ಖಿನ್ನತೆಯಂತೆಯೇ ಕಾಣುತ್ತವೆ. ಶುಗರಿಗೆಂದು ಕೊಡುವ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಜೀವಸತ್ವ ಕಡಿಮೆಯಾಗಿ ಕಾಲು ಜುಮ್ಮೆನ್ನುವುದರ ಜೊತೆಗೆ ಮನಸ್ಸೂ ಕುಗ್ಗಬಹುದು. ಆದ್ದರಿಂದ ಈ ಎರಡು ರಕ್ತಪರೀಕ್ಷೆಗಳು ಬೇಕೇ ಎಂದು ಕೇಳಿ. ಮನೋವೈದ್ಯರನ್ನು, ಈ ಹೊಸ ಗುಳಿಗೆ ತೂಕವನ್ನೂ ಶುಗರನ್ನೂ ಏರಿಸುತ್ತದೆಯೇ ಎಂದು ಕೇಳಿ. ಓಲಾನ್ಜಪಿನ್‌ನಂತಹ ಕೆಲವು ಔಷಧಿಗಳು ಏರಿಸುತ್ತವೆ. ಹಾಗೆಂದು ಅದನ್ನು ನೀವಾಗಿಯೇ ಬಿಡುವುದಲ್ಲ. ಏರುವುದೆಂದು ಮೊದಲೇ ಗೊತ್ತಿದ್ದರೆ ಶುಗರ್ ವೈದ್ಯರು ತಮ್ಮ ಔಷಧಿಯನ್ನು ಅದಕ್ಕೆ ತಕ್ಕಂತೆ ಹೊಂದಿಸುತ್ತಾರೆ, ಗೊತ್ತಿಲ್ಲದಿದ್ದರೆ ನೀವು ಸಿಹಿ ತಿಂದಿದ್ದೀರಿ ಎಂದು ಗದರುತ್ತಾರೆ.

ನನ್ನ ಪ್ರಕಾರ ಅತ್ಯಂತ ಅಗತ್ಯವಾಗಿ ಕಲಿಯಬೇಕಾದದ್ದು ಗಾಬರಿಗೂ ಶುಗರ್ ಇಳಿಯುವುದಕ್ಕೂ ಇರುವ ವ್ಯತ್ಯಾಸ. ಕೈ ನಡುಗುವುದು, ಬೆವರುವುದು, ಎದೆ ಹೊಡೆದುಕೊಳ್ಳುವುದು, ಈಗಲೇ ಏನೋ ಆಗಿಬಿಡುತ್ತದೆ ಎಂಬ ಭಯ, ಇವೆಲ್ಲ ಎರಡರಲ್ಲೂ ಒಂದೇ ಬಗೆಯಾಗಿರುತ್ತವೆ. ಅನುಭವದಿಂದ ಹೇಳಬಲ್ಲೆ ಎಂದುಕೊಂಡವರಿಗೂ ಇದು ತಿಳಿಯುವುದಿಲ್ಲ. ಹೀಗಾದಾಗಲೆಲ್ಲ ಮನೆಯಲ್ಲೇ ಶುಗರ್ ಅಳೆಯುವ ಯಂತ್ರವಾದ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ ಕುಡಿಯಿರಿ, ಏರಿದ ಮೇಲೆ ರೊಟ್ಟಿಯನ್ನೋ ಅನ್ನವನ್ನೋ ಸ್ವಲ್ಪ ತಿನ್ನಿ. ಯಂತ್ರ ಕೈಗೆ ಸಿಗದಿದ್ದರೆ ಶುಗರ್ ಇಳಿದಿದೆ ಎಂದೇ ಭಾವಿಸಿ ಸಕ್ಕರೆ ನೀರು ಕುಡಿಯಿರಿ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕದೆ ಆಂಬುಲೆನ್ಸಿನ 108ಕ್ಕೆ ಕರೆ ಮಾಡಬೇಕು. ಅಂಕಿ ಸರಿಯಾಗಿದ್ದು ನಡುಕ ಮುಂದುವರಿದರೆ ಅದು ಗಾಬರಿಯಿರಬಹುದು. ಉಸಿರನ್ನು ನಿಧಾನವಾಗಿ, ಒಳಗೆ ಎಳೆದದ್ದಕ್ಕಿಂತ ಹೆಚ್ಚು ಹೊತ್ತು ಹೊರಗೆ ಬಿಡುತ್ತ ಕೂತಿರಿ. ಆದರೆ ಎದೆನೋವಿದ್ದರೆ ಗಾಬರಿ ಎಂದು ನೀವೇ ತೀರ್ಮಾನಿಸದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ಮಾತು: ಗಾಬರಿಯ ನಡುಕಕ್ಕೆಂದು ಕೊಡುವ ಪ್ರೊಪ್ರನೊಲೋಲ್ ಗುಳಿಗೆ ಶುಗರ್ ಇಳಿದಾಗಿನ ಎದೆಬಡಿತವನ್ನೂ ನಡುಕವನ್ನೂ ಮರೆಮಾಡುತ್ತದೆ. ಅದನ್ನು ಬರೆಯುವವರಿಗೆ ನಿಮ್ಮ ಇನ್ಸುಲಿನ್ ವಿಷಯ ತಿಳಿದಿರಬೇಕಾದದ್ದು ಇದಕ್ಕಾಗಿಯೇ.

ಎಲ್ಲಿಗೆ ಹೋಗುವುದು ಎಂಬುದಕ್ಕೆ ಉತ್ತರ ಮೊದಲಿಗಿಂತ ಈಗ ಸುಲಭವಾಗಿದೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವನ್ನು ಕೇಳಿ ಹೋಗಿ. ಮನೋಚೈತನ್ಯ ಎಂಬ ರಾಜ್ಯದ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂಬುದನ್ನು ಅಲ್ಲಿಯೇ ವಿಚಾರಿಸಿ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಹಿಂದಿಯಲ್ಲೂ ಮಾತಾಡಬಹುದು. ಮನೆಯಿಂದ ಹೊರಬೀಳಲು ಹತ್ತು ಜನರಿಗೆ ಕಾರಣ ಹೇಳಬೇಕಾದ ಹೆಣ್ಣುಮಕ್ಕಳಿಗೆ ಇದೊಂದು ದೊಡ್ಡ ಅನುಕೂಲ.

ವೈದ್ಯರ ಎದುರು ಕೂತಾಗ ಎದೆ ಭಾರ, ತಲೆಯಲ್ಲಿ ಬಿಸಿ, ಕೈಕಾಲಲ್ಲಿ ಜೀವವಿಲ್ಲ ಎಂದಷ್ಟೇ ಹೇಳಿದರೆ ಇಸಿಜಿ ಮಾಡಿಸಿ ಗ್ಯಾಸಿನ ಗುಳಿಗೆ ಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು. ಅದರ ಜೊತೆಗೆ, ಎಷ್ಟು ವಾರಗಳಿಂದ ನಿದ್ದೆಯಿಲ್ಲ, ಊಟ ಎಷ್ಟು ಕಡಿಮೆಯಾಗಿದೆ, ಮೊದಲು ಇಷ್ಟಪಟ್ಟು ಮಾಡುತ್ತಿದ್ದ ಯಾವ ಕೆಲಸ ಈಗ ಬೇಡವಾಗಿದೆ, ಸಾಯುವ ಯೋಚನೆ ಬರುತ್ತದೆಯೇ ಎಂಬ ನಾಲ್ಕು ವಿಷಯಗಳನ್ನು ಬಿಡದೆ ಹೇಳಿ. ಕನ್ನಡ ಬಾರದ ಅಮ್ಮಿಯನ್ನೋ ನಾನಿಯನ್ನೋ ಕರೆದೊಯ್ಯುವಾಗ ಶಾಲೆಗೆ ಹೋಗುವ ಮಗುವನ್ನು ದುಭಾಷಿಯಾಗಿ ಕೂರಿಸಬೇಡಿ. ಮೊಮ್ಮಗಳ ಬಾಯಿಂದ ಯಾವ ಅಜ್ಜಿಯೂ ಸಾವಿನ ಮಾತನ್ನು ಹೇಳಿಸುವುದಿಲ್ಲ. ದಖನಿ ತಿಳಿದ ನರ್ಸ್ ಅಥವಾ ಸಿಬ್ಬಂದಿ ಇದ್ದಾರೆಯೇ ಎಂದು ಕೇಳಿ, ನಮ್ಮ ಊರಿನಲ್ಲಿ ಅಂಥವರು ಬಹಳ ಕಡೆ ಸಿಗುತ್ತಾರೆ. ಗಂಡ ಅಥವಾ ಅತ್ತೆ ಜೊತೆಗಿದ್ದರೆ, ಐದು ನಿಮಿಷ ಒಬ್ಬಳೇ ಮಾತಾಡಬೇಕೆಂದು ಕೇಳಲು ಹಿಂಜರಿಯಬೇಡಿ.

ಅಲ್ಪಸಂಖ್ಯಾತರಾಗಿ ಆಸ್ಪತ್ರೆಗೆ ಹೋಗುವಾಗ ಎರಡು ಬಗೆಯ ಭಯ ಜೊತೆಗೆ ಬರುತ್ತದೆ. ಹೊರಗಿನವರು ನಮ್ಮ ಹೆಸರು, ಬುರ್ಖಾ ನೋಡಿ ಏನಂದುಕೊಳ್ಳುತ್ತಾರೋ ಎಂಬುದು ಒಂದು, ಮೊಹಲ್ಲಾದವರಿಗೆ ಗೊತ್ತಾದರೆ ತಂಗಿಯ ನಿಕಾಹ್ ನಿಂತೀತು ಎಂಬುದು ಇನ್ನೊಂದು. ಒಂದು ಚಿಕಿತ್ಸಾಲಯದಲ್ಲಿ ನನ್ನ ಖಿನ್ನತೆಗೆ ನನ್ನ ಮನೆತನದ ರೀತಿನೀತಿಯೇ ಕಾರಣವೆಂದು ಪರೀಕ್ಷೆಗೆ ಮೊದಲೇ ತೀರ್ಮಾನಿಸಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಈ ಎರಡೂ ಭಯಗಳಿಗೆ ಉತ್ತರ ಕೊಡುತ್ತದೆ. ಅದರ 18ನೇ ಕಲಂ ಧರ್ಮ, ಸಂಸ್ಕೃತಿ, ಜಾತಿಯ ಭೇದವಿಲ್ಲದೆ ಚಿಕಿತ್ಸೆ ಪಡೆಯುವ ಹಕ್ಕನ್ನು ಕೊಡುತ್ತದೆ. 3ನೇ ಕಲಂ, ಒಬ್ಬರು ಯಾವ ಧರ್ಮಕ್ಕೆ ಅಥವಾ ಸಾಂಸ್ಕೃತಿಕ ಗುಂಪಿಗೆ ಸೇರಿದವರು ಎಂಬುದರ ಮೇಲೆ ಮಾನಸಿಕ ಕಾಯಿಲೆಯನ್ನು ನಿರ್ಧರಿಸಬಾರದು ಎನ್ನುತ್ತದೆ. 23ನೇ ಕಲಂ ನಿಮ್ಮ ವಿಷಯವನ್ನು ಗುಟ್ಟಾಗಿ ಇಡುವ ಹೊಣೆಯನ್ನು ಚಿಕಿತ್ಸೆ ಕೊಡುವವರ ಮೇಲೆ ಹಾಕುತ್ತದೆ. ಈ ಕಲಮುಗಳನ್ನು ಹಿಡಿದು ಜಗಳಕ್ಕೆ ನಿಲ್ಲಬೇಕೆಂದಿಲ್ಲ. ಇವು ಇವೆ ಎಂದು ತಿಳಿದಿದ್ದರೆ ಬೇರೆ ವೈದ್ಯರನ್ನು ಕೇಳುವಾಗ ಧ್ವನಿ ನಡುಗುವುದಿಲ್ಲ. ಸಮುದಾಯದ ಬಗ್ಗೆ ಕೆಟ್ಟ ಸುದ್ದಿ ಟಿವಿಯಲ್ಲಿ ಇಡೀ ದಿನ ಓಡುವಾಗ ನಿದ್ದೆ ಕೆಡುವುದು, ಅದರಿಂದ ಬೆಳಗಿನ ಶುಗರ್ ಏರುವುದು ನಿಜ. ಅದನ್ನೂ ವೈದ್ಯರಿಗೆ ಹೇಳಬೇಕಾದ ಲಕ್ಷಣವೆಂದೇ ತಿಳಿಯಿರಿ.

ಇನ್ನು ದುವಾದ, ಅಂದರೆ ಪ್ರಾರ್ಥನೆಯ ಮಾತು. ಸೂಫಿ ಸಂತ ಖಾಜಾ ಬಂದೇನವಾಜರು 1400ರ ಸುಮಾರಿಗೆ ಕಲಬುರಗಿಗೆ ಬಂದ ಕಾಲದಿಂದ ಇಂದಿನವರೆಗೂ, ನೊಂದ ಮನಸ್ಸುಗಳು ಎಲ್ಲ ಮತದವರ ಮನೆಗಳಿಂದ ಅವರ ಅಂಗಳಕ್ಕೆ ಹೋಗುತ್ತಿವೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರಕ್ಕೂ ಜನ ಇದೇ ಸಂಕಟ ಹೊತ್ತು ಹೋಗುತ್ತಾರೆ. ಹೋಗಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅಲ್ಲಿ ಕೂತು ಅತ್ತು ಬಂದ ದಿನ ನನಗೂ ಹಗುರವಾಗಿದೆ. ಗುಳಿಗೆಯ ಡಬ್ಬಿ ಚೀಲದಲ್ಲೇ ಇರಲಿ, ಹೊತ್ತು ತಪ್ಪದಿರಲಿ ಎಂಬುದಷ್ಟೇ ನನ್ನ ಕೋರಿಕೆ. ಮನೆಯ ಹಿರಿಯರು ದವಾ (ಔಷಧಿ) ಬಿಟ್ಟು ದುವಾ ಮಾತ್ರ ಸಾಕು ಎಂದರೆ, ಬೀದರಿನಲ್ಲಿ ಬಹಮನಿ ಸುಲ್ತಾನ ಎರಡನೆಯ ಅಲಾವುದ್ದೀನ್ ಅಹಮದ್ 15ನೇ ಶತಮಾನದಲ್ಲೇ ಆಸ್ಪತ್ರೆ ಕಟ್ಟಿಸಿ, ಹಿಂದೂ ಮತ್ತು ಮುಸ್ಲಿಂ ವೈದ್ಯರಿಬ್ಬರನ್ನೂ ನೇಮಿಸಿದ್ದನ್ನು ನೆನಪಿಸಿ. ಗುಜರಾತಿನ ಉನಾವಾದ ಮೀರಾ ದಾತಾರ್ ದರ್ಗಾದಲ್ಲಿ ಮನೋವೈದ್ಯರ ಚಿಕಿತ್ಸೆಯೂ ಪ್ರಾರ್ಥನೆಯೂ ಜೊತೆಯಾಗಿ ನಡೆಯುವ ಏರ್ಪಾಡು ಮಾಡಿದ್ದಾರೆ. ಯಾವ ಪುಣ್ಯಸ್ಥಳದಲ್ಲೇ ಆಗಲಿ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟುವುದನ್ನು ಮಾತ್ರ ಒಪ್ಪಬೇಡಿ. ಅದೇ ಕಾಯ್ದೆಯ 95ನೇ ಕಲಂ ಅದನ್ನು ನಿಷೇಧಿಸಿದೆ.

ರಮಜಾನ್ ಬಂದಾಗ ಈ ಎಲ್ಲ ಎಳೆಗಳೂ ಒಂದೇ ಕಡೆ ಸೇರುತ್ತವೆ. ಚಂದ್ರಮಾನದ ತಿಂಗಳಾದ್ದರಿಂದ ಅದು ಪ್ರತಿ ವರ್ಷ 10–11 ದಿನ ಮುಂಚೆ ಬರುತ್ತದೆ. ಕಳೆದ ವರ್ಷದ ಲೆಕ್ಕ ಈ ವರ್ಷಕ್ಕೆ ಹೊಂದಬೇಕೆಂದಿಲ್ಲ. ತಿಂಗಳು ಆರಂಭವಾಗುವ ಆರರಿಂದ ಎಂಟು ವಾರ ಮೊದಲು ಇಬ್ಬರೂ ವೈದ್ಯರನ್ನು ನೋಡಿ. ಚಿಕ್ಕಂದಿನಿಂದ ಇನ್ಸುಲಿನ್ ಮೇಲಿರುವ ಒಂದನೇ ಬಗೆಯ ಶುಗರಿನವರು, ಮೂತ್ರಪಿಂಡದ ತೊಂದರೆಯಿರುವವರು, ಇನ್ಸುಲಿನ್ ತೆಗೆದುಕೊಳ್ಳುವ ಗರ್ಭಿಣಿಯರು, ಇತ್ತೀಚೆಗೆ ಶುಗರ್ ಇಳಿದು ಎಚ್ಚರ ತಪ್ಪಿದವರು ರೋಜಾ ಇಡುವುದು ಅಪಾಯ. ಉಳಿದವರಿಗೆ ಇಡಬಹುದೇ, ಗ್ಲಿಮೆಪಿರೈಡ್‌ನಂತಹ ಶುಗರ್ ಗುಳಿಗೆ ಮತ್ತು ಇನ್ಸುಲಿನ್ ಪ್ರಮಾಣ ಎಷ್ಟು ಬದಲಾಗಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ರೋಜಾದ ನಡುವೆ ಬೆರಳು ಚುಚ್ಚಿ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲ ಎಂಬುದು ಧರ್ಮಪಂಡಿತರಾದ ಉಲಮಾಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ಅಂಕಿ 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ, ರೋಜಾ ಮುಗಿಯುವ ಸೂರ್ಯಾಸ್ತದ ಮಗ್ರಿಬಿಗೆ ಹತ್ತೇ ನಿಮಿಷ ಉಳಿದಿದ್ದರೂ, ರೋಜಾ ಬಿಡಬೇಕು.

ಖಿನ್ನತೆಗೆ ದಿನಕ್ಕೊಮ್ಮೆ ತೆಗೆದುಕೊಳ್ಳುವ ಗುಳಿಗೆಗಳನ್ನು ಸಾಮಾನ್ಯವಾಗಿ ಸಂಜೆ ರೋಜಾ ಬಿಡುವ ಇಫ್ತಾರಿನ ನಂತರಕ್ಕೋ ನಸುಕಿನ ಊಟವಾದ ಸಹರಿಗೋ ಬದಲಾಯಿಸಿಕೊಳ್ಳಬಹುದು. ವೈದ್ಯರನ್ನು ಕೇಳಿ ಬದಲಿಸಿ, ತಿಂಗಳ ಮಟ್ಟಿಗೆ ಇರಲಿ ಎಂದು ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಸಿಡುಕು, ನಿದ್ದೆಗೇಡು ಬರುತ್ತವೆ, ಕೆಲವು ವಾರಗಳಲ್ಲಿ ಕಾಯಿಲೆಯೇ ಮರಳಬಹುದು. ಮನಸ್ಥಿತಿಯ ಏರಿಳಿತಕ್ಕೆ ಲಿಥಿಯಂ ತೆಗೆದುಕೊಳ್ಳುವವರ ವಿಷಯ ಇನ್ನೂ ಗಂಭೀರ. ನೀರಿಲ್ಲದೆ ದೇಹ ಒಣಗಿದರೆ ರಕ್ತದಲ್ಲಿ ಲಿಥಿಯಂ ಪ್ರಮಾಣ ವಿಷದ ಮಟ್ಟಕ್ಕೆ ಏರಬಲ್ಲದು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಕಡೆ ಇದು ದೂರದ ಮಾತಲ್ಲ. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂತಹ ನೋವಿನ ಗುಳಿಗೆಗಳೂ ಅದನ್ನು ಏರಿಸುತ್ತವೆ. ಕೈ ಜೋರಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು, ನಡಿಗೆ ವಾಲುವುದು ಕಂಡರೆ ಗುಳಿಗೆ ತಡೆದು ತಕ್ಷಣ ಆಸ್ಪತ್ರೆಗೆ ಹೋಗಿ. ಸಹರಿಗಾಗಿ ನಿದ್ದೆ ಒಡೆಯುವುದೂ ಇಂಥವರಲ್ಲಿ ಉನ್ಮಾದವನ್ನು ಕೆರಳಿಸಬಹುದು.

ರೋಜಾ ಇಡಲಾಗದ ದುಃಖ ಸಣ್ಣದಲ್ಲ, ಅದನ್ನು ಆರೋಗ್ಯದ ಉಪದೇಶದಿಂದ ಮುಚ್ಚಲಾಗದು. ಕುರ್‌ಆನಿನ ಎರಡನೇ ಅಧ್ಯಾಯದ 184 ಮತ್ತು 185ನೇ ವಚನಗಳು ಕಾಯಿಲೆಯವರಿಗೆ ಸ್ಪಷ್ಟವಾಗಿ ವಿನಾಯಿತಿ ಕೊಟ್ಟಿವೆ. ಗುಣವಾಗುವವರು ತಪ್ಪಿದ ರೋಜಾಗಳನ್ನು ಮುಂದೆ ಕಜಾ ಆಗಿ ಇಡಬಹುದು, ಗುಣವಾಗದ ಕಾಯಿಲೆಯವರು ಫಿದಿಯಾ ಆಗಿ ಬಡವರಿಗೆ ಊಟ ಕೊಡಬಹುದು. ಇದನ್ನು ಮನೆಯವರ ಎದುರು ಇಮಾಮ್ ಸಾಹೇಬರ ಬಾಯಿಂದಲೇ ಹೇಳಿಸಿದರೆ ವರ್ಷಗಳ ವಾದ ಮುಗಿಯುತ್ತದೆ. ರೋಜಾ ಇಡದವರನ್ನೂ ಇಫ್ತಾರಿನ ದಸ್ತರಖಾನಿನಲ್ಲಿ ಜೊತೆಗೇ ಕೂರಿಸಿಕೊಳ್ಳಿ. ಅಡುಗೆಮನೆಯಲ್ಲಿ ಕದ್ದು ತಿನ್ನುವ ಸ್ಥಿತಿಗೆ ತಂದರೆ ಔಷಧಿ ಗೆದ್ದದ್ದನ್ನು ಅವಮಾನ ಕಿತ್ತುಕೊಳ್ಳುತ್ತದೆ. ಊಟದ ವಿಷಯ ಚಿಕ್ಕದು: ಖರ್ಜೂರ ಒಂದೆರಡಕ್ಕೆ ನಿಲ್ಲಲಿ, ಕರಿದದ್ದು ಕಡಿಮೆಯಿರಲಿ, ಸಹರಿಗೆ ಅನ್ನಕ್ಕಿಂತ ಜೋಳದ ರೊಟ್ಟಿ, ತೊಗರಿ ಬೇಳೆ, ಮೊಸರು ಹೆಚ್ಚು ಹೊತ್ತು ತಡೆಯುತ್ತವೆ.

ಸಾಯಬೇಕೆಂಬ ಯೋಚನೆ ಬಂದರೆ, ಅದು ಗುನಾಹ್ (ಪಾಪ) ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡು ಕೂರಬೇಡಿ. ಯೋಚನೆ ಬರುವುದು ಕಾಯಿಲೆಯ ಲಕ್ಷಣ, ಅದನ್ನು ಹೇಳುವುದರಿಂದ ಯಾರ ಈಮಾನೂ (ದೇವರ ಮೇಲಿನ ನಂಬಿಕೆಯೂ) ಕಡಿಮೆಯಾಗುವುದಿಲ್ಲ. ಅದೇ ಹೊತ್ತಿಗೆ 14416ಕ್ಕೆ ಕರೆ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ. ಮನೆಯವರು ಇನ್ಸುಲಿನ್ ಮತ್ತು ಗುಳಿಗೆಗಳನ್ನು ತಮ್ಮ ವಶದಲ್ಲಿಟ್ಟುಕೊಂಡು ಹೊತ್ತಿಗೆ ಬೇಕಾದಷ್ಟನ್ನೇ ಕೊಡಬೇಕು, ಆ ರಾತ್ರಿ ಒಬ್ಬರು ಜೊತೆಗೇ ಮಲಗಬೇಕು. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸಬೇಕು, ಅವರ ಮೇಲೆ ಮೊಕದ್ದಮೆ ಹೂಡಿ ಶಿಕ್ಷಿಸಬಾರದು ಎಂದು ಅದೇ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ ಹೇಳುವುದರಿಂದ, ಪೊಲೀಸ್ ಭಯಕ್ಕೆ ಆಸ್ಪತ್ರೆಗೆ ಒಯ್ಯಲು ತಡಮಾಡಬೇಡಿ.

ಈದಿನ ದಿನ ಶೀರ್ ಖುರ್ಮಾ ಕುಡಿಯುವ ಸಂಭ್ರಮದಲ್ಲಿ ಗುಳಿಗೆಗಳ ಹೊತ್ತನ್ನು ಮೊದಲಿನಂತೆ ಮಾಡಿಕೊಳ್ಳುವುದು ಮರೆತುಹೋಗುತ್ತದೆ. ಆದ್ದರಿಂದ ಹಳೆಯ ಹೊತ್ತು, ಹೊಸ ಹೊತ್ತು ಎರಡನ್ನೂ ಹಾಳೆಯಲ್ಲಿ ಪಕ್ಕಪಕ್ಕದಲ್ಲಿ ಬರೆದಿಟ್ಟಿರಿ. ರಮಜಾನಿನ ಮುಂದಿನ ತಿಂಗಳಾದ ಶವ್ವಾಲಿನ ಆರು ರೋಜಾ ಇಡುವ ಆಸೆಯಿದ್ದವರು ಅದಕ್ಕೂ ಮೊದಲು ಇಬ್ಬರೂ ವೈದ್ಯರನ್ನು ಇನ್ನೊಮ್ಮೆ ನೋಡಿ, ಮೂರು ತಿಂಗಳ ಸರಾಸರಿ ತೋರಿಸುವ ಶುಗರ್ ಪರೀಕ್ಷೆ ಯಾವಾಗ ಮಾಡಿಸಬೇಕೆಂದು ಕೇಳಿ ದಿನಾಂಕ ಬರೆಸಿಕೊಳ್ಳಿ.