ಹಳೆಯ ರ‍್ಯಾಮ್ ಪಿಕಪ್: ಟ್ರಾನ್ಸ್‌ಮಿಷನ್ ಆಯಿಲ್ ಸೋರುವ ಜಾಗ ಹುಡುಕುವುದು ಹೇಗೆ?

ಅಮೆರಿಕದಲ್ಲಿ ಹಳೆಯ ಡಾಡ್ಜ್ ರ‍್ಯಾಮ್ 2500 ಇಟ್ಟುಕೊಂಡವರಿಗೆ ಇದು ಗೊತ್ತಿರುವ ತೊಂದರೆ. ಕೆಲವು ವಾರ ನಿಲ್ಲಿಸಿದ ಗಾಡಿಯ ಕೆಳಗೆ ಕೆಂಪು ಆಯಿಲ್ ಹರಡಿರುತ್ತದೆ. ಟ್ರಾನ್ಸ್‌ಮಿಷನ್ (ಗೇರ್‌ಬಾಕ್ಸ್) ಕೆಳಗಿಳಿಸಲು ಒಪ್ಪುವ ಮೊದಲು ಸೋರುವ ಜಾಗ ಪತ್ತೆ ಮಾಡಿ. ಎಷ್ಟೋ ಸಲ ಅಷ್ಟು ದೊಡ್ಡ ಕೆಲಸ ಬೇಕಾಗುವುದೇ ಇಲ್ಲ.

ಮೊದಲು ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡ್ಡ ಕೊಡಿ. ಎತ್ತುವುದಾದರೆ ಸ್ಟ್ಯಾಂಡ್ ಇಡಲೇಬೇಕು, ಬರೀ ಜಾಕ್ ನಂಬಿ ಕೆಳಗೆ ನುಗ್ಗಬೇಡಿ. ಎಂಜಿನ್ ತಣ್ಣಗಾದ ಮೇಲೆ ಗೇರ್‌ಬಾಕ್ಸಿನ ಜಿಡ್ಡನ್ನೆಲ್ಲ ತೊಳೆದು ಒಣಗಿಸಿ. ಒಂದು ಸುತ್ತು ಓಡಿಸಿ ಬಂದು, ಕೆಳಗೆ ರಟ್ಟು ಹಾಸಿ ನೋಡಿ. ಹನಿ ಬೀಳುವ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಮುಂದಿನದು ಯಾವುದು ಅನ್ನುವುದು ಮುಖ್ಯ.

ಓಡಿಸಿದಾಗ ಮಾತ್ರ ಸೋರಿದರೆ ಆಯಿಲನ್ನು ತಣ್ಣಗಾಗಿಸಲು ಒಯ್ಯುವ ಕೂಲರ್ ಪೈಪುಗಳನ್ನು ನೋಡಿ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಊರುಗಳಲ್ಲಿ ಇವು ಬೇಗ ತುಕ್ಕು ಹಿಡಿಯುತ್ತವೆ.

ನಿಂತಾಗ ಸೋರಿದರೆ ಕಥೆ ಬೇರೆ. 1996ರಿಂದ ಸುಮಾರು 2002ರವರೆಗಿನ ಕಮಿನ್ಸ್ ಡೀಸೆಲ್ ರ‍್ಯಾಮ್‌ಗಳಲ್ಲಿ ಬಂದ ಆಟೊಮ್ಯಾಟಿಕ್ 47ಆರ್‌ಇ ಗೇರ್‌ಬಾಕ್ಸಿನಲ್ಲಿ, ಗಾಡಿ ತುಂಬಾ ದಿನ ನಿಂತರೆ, ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ನ ಆಯಿಲ್ ನಿಧಾನವಾಗಿ ತಳದಲ್ಲಿರುವ ಆಯಿಲ್ ತಟ್ಟೆಗೆ, ಅಂದರೆ ಪ್ಯಾನಿಗೆ ಇಳಿಯುತ್ತದೆ. ಮಟ್ಟ ಏರಿ, ಗೇರ್ ಲಿವರ್ ಒಳಹೋಗುವ ಶಾಫ್ಟಿನ ಸೀಲನ್ನು ಮುಟ್ಟುತ್ತದೆ. ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, ಅಲ್ಲಿಂದ ಆಯಿಲ್ ಜಿನುಗುತ್ತದೆ. ಡ್ರೈವರ್ ಬದಿಯಲ್ಲಿ (ಅಮೆರಿಕದ ಗಾಡಿಗಳಲ್ಲಿ ಎಡಗಡೆ), ಪ್ಯಾನಿನ ಅಂಚಿಗಿಂತ ಮೇಲೆ ಟಾರ್ಚ್ ಹಾಕಿ ನೋಡಿ. ಸುಮ್ನೆ ಪ್ಯಾನ್ ಗ್ಯಾಸ್ಕೆಟ್ ಮೇಲೆ ತಪ್ಪು ಹೊರಿಸಿ ಬೋಲ್ಟ್ ಬಿಗಿಯುತ್ತಾ ಹೋದರೆ ಅಂಚು ಬಗ್ಗಿ, ಆಮೇಲೆ ಅದೂ ಸೋರಲು ಶುರುವಾಗುತ್ತದೆ.

ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದ ಕವಚದ (ಬೆಲ್ ಹೌಸಿಂಗ್) ತಳದಿಂದ ಹನಿ ಬಿದ್ದರೆ ಬಿಳಿ ಕಾಗದಕ್ಕೆ ಒರೆಸಿ. ಕಪ್ಪಾಗಿದ್ದರೆ ಅದು ಎಂಜಿನ್ ಆಯಿಲ್ ಇರಬಹುದು. ಕೆಂಪಾಗಿದ್ದರೆ ಮುಂದಿನ ಪಂಪಿನ ಸೀಲ್ ಹೋಗಿರುವ ಅನುಮಾನ ಜಾಸ್ತಿ. ಆಗ ಮಾತ್ರ ಟ್ರಾನ್ಸ್‌ಮಿಷನ್ ಇಳಿಸುವ ಮಾತು.

ರಿಪೇರಿ ಆದ ಮೇಲೆ ಮಟ್ಟ ಸರಿಯಾಗಿ ನೋಡಬೇಕು. ಹ್ಯಾಂಡ್‌ಬ್ರೇಕ್ ಹಾಕಿ, ಆಯಿಲ್ ಬಿಸಿಯಾಗಿರುವಾಗ, ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್‌ನಲ್ಲಿ ಡಿಪ್‌ಸ್ಟಿಕ್ ತೆಗೆಯಿರಿ. ಪಾರ್ಕ್‌ನಲ್ಲಿ ಇಟ್ಟರೆ ಈ ಗೇರ್‌ಬಾಕ್ಸಿನ ಕನ್ವರ್ಟರ್ ತುಂಬುವುದಿಲ್ಲ, ಮಟ್ಟ ತಪ್ಪು ತೋರಿಸುತ್ತದೆ. ಎಟಿಎಫ್ ಪ್ಲಸ್ 4 ಎಂಬ ಟ್ರಾನ್ಸ್‌ಮಿಷನ್ ಆಯಿಲನ್ನೇ ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ, ಪ್ರತಿ ಸಲ ಮತ್ತೆ ಅಳೆಯಿರಿ.